ಹಿಡಿ ಕಳಚಿದ ಅರವತ್ತು ಕಪ್

ಹೊನ್ನಾಳಿಯಲ್ಲಿ ಜಗಳ ಶುರುವಾದದ್ದು ಮಿರ್ಚಿಯ ಉದ್ದದಿಂದ. ಎಪ್ಪತ್ತರ ದಶಕದ ಕೊನೆಯ ಮಾತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರಿನ ಹೈಸ್ಕೂಲು ಹುಡುಗಿಯರು ವರ್ಷಕ್ಕೊಮ್ಮೆ ಸೇರಿ ಖೋ ಖೋ ಆಡುತ್ತಿದ್ದರು. ಆಟ ಮುಗಿದ ಮೇಲೆ ಕರೆದ ಊರಿನವರು ತಿಂಡಿ ಕೊಡಬೇಕು. ನಾನು ಚನ್ನಗಿರಿಯ ಡ್ರಿಲ್ ಟೀಚರ್. ಆ ವರ್ಷ ಹೊನ್ನಾಳಿಯವರು ಮಂಡಕ್ಕಿ ಮಿರ್ಚಿ ಕೊಟ್ಟರು. ನಮ್ಮ ಹುಡುಗಿಯರು ತಮ್ಮ ಮಿರ್ಚಿಯನ್ನು ಜಗಳೂರಿನವರ ಮಿರ್ಚಿಯ ಪಕ್ಕ ಹಿಡಿದು ಅಳೆದರು. ಎರಡು ಬೆರಳು ಗಿಡ್ಡ ಬಂತು. ಮಂಡಕ್ಕಿ ಹಾರಿತು. ಒಂದು ಮಿರ್ಚಿ ನಮ್ಮ ಹೆಡ್‌ಮಾಸ್ಟರ ಬಿಳಿ ಅಂಗಿಯ ಜೇಬಿಗೆ ಬಿದ್ದು ಪೆನ್ನಿನಂತೆ ನೆಟ್ಟಗೆ ನಿಂತಿತು.

ಊರಿನಲ್ಲಿ ಬಸ್ಸಿಳಿದ ಮೇಲೆ ಅವರು ಹೇಳಿದರು: "ಮುಂದಿನ ಸಲ ನಮ್ಮೂರಾಗೆ ಆಟ. ತಿಂಡಿ ಮುಂದೆ ಒಬ್ಬ ಹುಡುಗಿ ದನಿ ಎತ್ತಿದ್ರೂ ನಿಮ್ಮ ಖೋ ಖೋ ಬಂದ್. ಆಮೇಲೆ ಅವರಿಗೆ ಹೊಲಿಗೆ ಕಲಿಸ್ರಿ."

ನಾಲ್ಕು ವರ್ಷ ಹುಡುಗಿಯರನ್ನು ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಕರೆತಂದು ಕಟ್ಟಿದ ಹನ್ನೆರಡು ಜನರ ತಂಡ ಅದು. ಮಿರ್ಚಿಗಾಗಿ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ವರ್ಷವಿಡೀ ಯೋಚಿಸಿ ತೀರ್ಮಾನಕ್ಕೆ ಬಂದೆ. ತಿಂಡಿ ಒಂದೇ ಅಳತೆಯದಾಗಿರಬೇಕು. ಆಟಕ್ಕೆ ಒಪ್ಪುವಂತೆಯೂ ಇರಬೇಕು. ಗೆಲ್ಲುವವರಿಗೆ ಒಂದೇ ಕಪ್ ಸಿಗುತ್ತದೆ, ಹಾಗಾಗಿ ಸೋತವರಿಗೂ ಒಂದೊಂದು ಕಪ್: ಒಳಗೆ ಆಲೂಗಡ್ಡೆ ಪಲ್ಯ ತುಂಬಿದ, ಎರಡು ಹಿಡಿ ಇರುವ, ಕಪ್ ಆಕಾರದ ಖಾರದ ಕರ್ಜಿಕಾಯಿ. ಎಣ್ಣೆ ಡಬ್ಬದ ತಗಡಿನಿಂದ ಅಚ್ಚು ಮಾಡಿಸಿದೆ. ಒಟ್ಟು ಅರವತ್ತು.

ಆಟದ ದಿನ ಬೆಳಗ್ಗೆ ಏಳಕ್ಕೆ ಶಾಲೆಯ ಹಿಂದಿನ ಕೋಣೆಯಲ್ಲಿ ಹುಡುಗಿಯರನ್ನು ಕೂರಿಸಿದೆ. ಅವರಿಗೆ ಗೊತ್ತಿದ್ದ ಸಾಲು ಒಂದೇ. ಎಂಟು ಜನ, ಒಬ್ಬಳು ಈ ಕಡೆ ಮುಖ, ಪಕ್ಕದವಳು ಆ ಕಡೆ ಮುಖ. ಒಬ್ಬಳು ಲಟ್ಟಿಸಬೇಕು, ಒಬ್ಬಳು ಅಚ್ಚಿನಲ್ಲಿ ಕತ್ತರಿಸಬೇಕು, ಒಬ್ಬಳು ಪಲ್ಯ ಇಡಬೇಕು, ಒಬ್ಬಳು ಮೇಲೆ ಮುಚ್ಚಿ ಅಂಚು ಒತ್ತಬೇಕು. ಐದನೆಯವಳು ಹೊಸ ಬಾಚಣಿಗೆಯಿಂದ ಗೆರೆ ಎಳೆಯಬೇಕು, ಆರನೆಯವಳು ಕರಿಎಳ್ಳು ಒತ್ತಬೇಕು. ಕೊನೆಯ ಇಬ್ಬರಲ್ಲಿ ಒಬ್ಬಳಿಗೆ ಎಡ ಹಿಡಿ, ಇನ್ನೊಬ್ಬಳಿಗೆ ಬಲ ಹಿಡಿ. ನಾನು ಸೀಟಿ ಊದಿದಾಗ ಕಪ್ ಮುಂದಿನವಳಿಗೆ ಹೋಗಬೇಕು.

ಮೊದಲ ಸೀಟಿಗೆ ಲಟ್ಟಿಸುವವಳು ಅಭ್ಯಾಸಬಲದಿಂದ ಪಕ್ಕದವಳ ಬೆನ್ನು ತಟ್ಟಿ "ಖೋ" ಅಂದಳು. ಪಕ್ಕದವಳು ಅಚ್ಚು ಹಿಡಿದುಕೊಂಡೇ ಎದ್ದು ಓಡಿದಳು. ಆಫೀಸಿನ ಬಾಗಿಲವರೆಗೆ ಹೋಗಿ, ಅಟ್ಟಿಸಿಕೊಂಡು ಹೋಗಲು ಯಾರೂ ಇಲ್ಲವೆಂದು ಗೊತ್ತಾಗಿ ಹಿಂದಿರುಗಿದಳು. ಇನ್ನೂ ಇಬ್ಬರು ಓಡಿದ ಮೇಲೆ ಆ ಶಬ್ದವನ್ನೇ ನಿಷೇಧಿಸಿದೆ.

ಒಲೆಯ ಮುಂದೆ ಶಾಲೆಯ ಆಯಮ್ಮ ಕೂತಿದ್ದಳು. "ಟೀಚರೇ, ಹಿಡಿಗೆ ನೀರು ಹಚ್ಚಿ ಸ್ವಲ್ಪ ಹೊತ್ತು ಒತ್ತಿ ಹಿಡೀಬೇಕ್ರೀ. ನೀವು ಹಿಂಗೆ ಸೀಟಿ ಊದಿದ್ರೆ ಹಿಟ್ಟು ಕೇಳ್ತೈತೇನ್ರೀ?"

"ಕೆಲಸ ಹೊತ್ತಿಗೆ ಸರಿಯಾಗಿ ಮುಗೀಬೇಕು," ಎಂದೆ. ಮುಗಿಯಿತು ಕೂಡ. ಹತ್ತು ನಿಮಿಷ ಮೊದಲೇ.

ಬಾಣಲೆಗೆ ಬಿಟ್ಟ ಕಪ್ಪುಗಳು ಉಬ್ಬಿದವು. ಹಿಡಿಗಳು ಕಳಚಿ ಎಣ್ಣೆಯಲ್ಲಿ ಈಜತೊಡಗಿದವು. "ಕಪ್‌ಗಿಂತ ಕಿವಿನೇ ಜಾಸ್ತಿ ತೇಲ್ತಾವಲ್ರೀ," ಎಂದು ಆಯಮ್ಮ ಜಾಲರಿಯಲ್ಲಿ ಬಾಚಿದಳು. ಎಣಿಸಿದೆ. ಎರಡು ಹಿಡಿ ಉಳಿದವು ಹನ್ನೊಂದು, ಒಂದು ಹಿಡಿಯವು ಇಪ್ಪತ್ತಮೂರು, ಹಿಡಿಯೇ ಇಲ್ಲದವು ಇಪ್ಪತ್ತಾರು.

ಕ್ಯಾಪ್ಟನ್ ಹುಡುಗಿ ಮೆಲ್ಲಗೆ, "ಎರಡು ಹಿಡಿ ಇರೋವು ನಮಗಿರಲಿ ಬಿಡ್ರೀ ಟೀಚರೇ, ಮಾಡಿದವರು ನಾವಲ್ಲೇನ್ರೀ," ಎಂದಳು.

ಮಿರ್ಚಿ ಕಣ್ಣ ಮುಂದೆ ಬಂತು. "ಎಲ್ಲಾ ಹಿಡಿ ಮುರೀರಿ," ಎಂದೆ.

ಸರಿಯಾಗಿ ನಿಂತಿದ್ದ ನಲವತ್ತೈದು ಹಿಡಿಗಳನ್ನೂ ಹುಡುಗಿಯರು ಮುಖ ಸಣ್ಣದು ಮಾಡಿಕೊಂಡು ಮುರಿದರು. ಅಡಿಕೆ ಹಾಳೆಯ ತಟ್ಟೆಗೊಂದು ಕಪ್, ಪಕ್ಕದಲ್ಲಿ ಎರಡು ಹಿಡಿ. ಯಾರಿಗೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಆಟದಲ್ಲಿ ನ್ಯಾಮತಿ ಗೆದ್ದಿತು. ಐದು ಗಂಟೆಗೆ ನಲವತ್ತೆಂಟು ಹುಡುಗಿಯರು ಪಂಕ್ತಿಯಲ್ಲಿ ಕೂತರು. ಜಗಳೂರಿನ ಒಬ್ಬಳು ತನ್ನದನ್ನು ಎತ್ತಿ ನಮ್ಮ ಹುಡುಗಿಯದರ ಪಕ್ಕ ಹಿಡಿದಳು. ನನ್ನ ಕೈ ಸೀಟಿಗೆ ಹೋಯಿತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇಬ್ಬರೂ ತಿನ್ನಲು ಶುರು ಮಾಡಿದರು.

ಆಗ ಹೊನ್ನಾಳಿಯ ಡ್ರಿಲ್ ಮೇಷ್ಟ್ರು ಹೊಗಳಿದರು: "ಬುಗುರಿ ಭಾಳ ರುಚಿ ಐತ್ರೀ."

"ಬುಗುರಿ ಅಲ್ರೀ, ಅದು ಕಪ್," ಎಂದರು ನಮ್ಮ ಹೆಡ್‌ಮಾಸ್ಟರು.

"ಕಪ್ ಹೆಂಗ್ರೀ ಆಗತೈತೆ? ಮೂಲಂಗಿ ಇದ್ದಂಗೈತೆ," ಎಂದರು ನ್ಯಾಮತಿಯ ಮೇಷ್ಟ್ರು. "ಮತ್ತೆ ಇವೆರಡು?"

"ಅವು ಹಿಡಿ."

"ಕಪ್ ಬೇರೆ ಹಿಡಿ ಬೇರೆ ಕೊಡೋ ಪದ್ಧತಿ ಚನ್ನಗಿರಿಯಾಗೆ ಐತೇನ್ರೀ?"

ಜಗಳೂರಿನ ಮೇಷ್ಟ್ರು ಎರಡೂ ಹಿಡಿಗಳನ್ನು ಕಪ್ಪಿನ ನೆತ್ತಿಯ ಮೇಲೆ ಕೊಂಬಿನಂತೆ ಇಟ್ಟು ತಟ್ಟೆಯನ್ನು ಎಲ್ಲರಿಗೂ ತೋರಿಸಿದರು. "ಎಮ್ಮೆ," ಎಂದರು.

ನಮ್ಮ ಹೆಡ್‌ಮಾಸ್ಟರು ಎದ್ದು ನಿಂತರು. "ಕಪ್ ಅಂದ್ರೆ ಕಪ್!" ಎಂಬ ಅವರ ಕೂಗು ರಸ್ತೆಗೂ ಕೇಳಿಸಿತು. ನಾಲ್ವರೂ ತಟ್ಟೆ ಹಿಡಿದು ಒಬ್ಬರ ಮೇಲೊಬ್ಬರು ಕೂಗಾಡತೊಡಗಿದರು. ಹುಡುಗಿಯರು ಕುರುಕುರು ಅಂತ ಹಿಡಿ ಅಗಿಯುತ್ತಾ ಅದನ್ನೇ ನೋಡುತ್ತಿದ್ದರು.

ನಾನು ಹತ್ತಿರ ಹೋಗಿ, "ಸಾರ್, ಹುಡುಗಿಯರು ಯಾರೂ ದನಿ ಎತ್ತಿಲ್ಲ," ಎಂದೆ.

ಅವರು ಕಪ್ಪಿನ ಎರಡೂ ಪಕ್ಕಕ್ಕೆ ಹಿಡಿಗಳನ್ನು ಬೆರಳಿನಿಂದ ಒತ್ತಿ ನಿಲ್ಲಿಸುವ ಕಷ್ಟದಲ್ಲಿದ್ದರು. ತಲೆ ಎತ್ತದೆ, "ಹೂಂ, ನಡೆಸ್ರಿ ನಿಮ್ಮ ಖೋ ಖೋ," ಎಂದರು. ಆಮೇಲೆ ಕ್ಯಾಪ್ಟನ್ ಹುಡುಗಿಯನ್ನು ಕರೆದರು. "ಏನವ್ವಾ, ಮಾಡಿದವಳು ನೀನು. ಇವರಿಗೆ ಹೇಳು, ಇದು ಏನು?"

ಅವಳು ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು.

"ಕಪ್ ಸಾರ್," ಎಂದಳು. "ಎಣ್ಣೆಗೆ ಬಿಡೋ ಮುಂಚೆ ನೋಡಬೇಕಿತ್ರೀ."

ಸೋಮವಾರ ಬೆಳಗ್ಗೆ ಆರಕ್ಕೆ ಸೀಟಿ ಊದಿದೆ. ಹನ್ನೆರಡೂ ಜನ ಸಾಲಿನಲ್ಲಿದ್ದರು.