ಸೀಟಿ ಊದಿ ಬಿಟ್ಟ ಗುಂಡು

ಬೆಸಗರಹಳ್ಳಿಯಲ್ಲಿ ನನ್ನ ಹೆಂಡತಿಯ ತವರಿನವರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದರು. ಊಟದ ಸಾಲಿನಲ್ಲಿ ನನ್ನ ಬೆನ್ನ ಹಿಂದೆಯೇ ಕೂತಿದ್ದ ಅವಳ ದೊಡ್ಡವ್ವ, ನನಗೆ ಕೇಳಿಸುವುದಿಲ್ಲ ಎಂದುಕೊಂಡು, "ನಿನ್ ಗಂಡ ಕಾಲೇಜಿಂದ ಬಂದ್ಮೇಲೆ ಏನ್ ಮಾಡ್ತಾನವ್ವ?" ಎಂದು ಅವಳನ್ನು ಕೇಳಿದರು. ಇವಳು ಹಪ್ಪಳ ಮುರಿಯುತ್ತ, "ಏನಿಲ್ಲ ದೊಡ್ಡವ್ವ, ಸುಮ್ನೆ ಕೂತಿರ್ತಾರೆ" ಎಂದಳು.

ಪಾಯಸಕ್ಕೆ ಹಾಕಿದ್ದ ಕೈಯನ್ನು ಹಿಂದಕ್ಕೆ ತೆಗೆದೆ. ನಾನು ಮುಂಗೋಪಿ. ಬೇಕಾದರೆ ನಮ್ಮ ಹುಟ್ಟೂರು ಕೊತ್ತತ್ತಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಆದರೆ ಅವತ್ತು ಬಂದದ್ದು ಕೋಪವಲ್ಲ, ದುಃಖ. ಎಂಟು ವರ್ಷದಿಂದ ದಿನಾ ಸಂಜೆ ಎರಡೆರಡು ಗಂಟೆ ನಾನು ಮಾಡುತ್ತ ಬಂದ ಕೆಲಸಕ್ಕೆ ನನ್ನ ಮನೆಯಲ್ಲೇ ಇರುವ ಹೆಸರು ಸುಮ್ಮನೆ ಕೂತಿರುವುದು! ಇವಳ ಬಾಯಲ್ಲಿ ಒಂದೇ ಒಂದು ಸಲ ಅದು ಕೆಲಸ ಅನ್ನಿಸಿಕೊಳ್ಳಬೇಕು ಎಂಬ ಆಸೆ ಅವತ್ತು ಹುಟ್ಟಿತು.

ಕೆಲಸ ಯಾವುದೆಂದು ಹೇಳಿಬಿಡುತ್ತೇನೆ. ನಾನು ಮಳವಳ್ಳಿಯ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವನು, ಮನೆ ಮದ್ದೂರಿನಲ್ಲಿ. ಸಂಜೆ ಹೊತ್ತು ಕಂಪ್ಯೂಟರಿನಲ್ಲಿ ಗುಂಡು ಹಾರಿಸುತ್ತೇನೆ. ಪರದೆಯ ಕೆಳಗೆ ಪುಟ್ಟದೊಂದು ವಿಮಾನ, ಮೇಲೆ ದೊಡ್ಡದೊಂದು ಶತ್ರು, ಅದರಿಂದ ಹೊರಟು ಬರುವ ನೂರಾರು ಬಣ್ಣದ ಗುಂಡುಗಳು. ಇಂಥ ಶೂಟಿಂಗ್ ಗೇಮುಗಳನ್ನು ನೀವೂ ನೋಡಿರಬಹುದು. ಇವುಗಳಲ್ಲಿ ಆಡುವವನಿಗೆ ಹೊಡೆಯುವುದಕ್ಕಿಂತ ತಪ್ಪಿಸಿಕೊಳ್ಳುವುದೇ ದೊಡ್ಡ ಕೆಲಸ. ಗುಂಡುಗಳು ಎಷ್ಟು ಬರಬೇಕು, ಯಾವ ಕೋನದಲ್ಲಿ ಹೊರಡಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ಆಟ ತಯಾರಿಸುವವರು ಒಂದೊಂದಾಗಿ ಬರೆಯುತ್ತ ಕೂತರೆ ಮುಗಿಯುವ ಮಾತಲ್ಲ. ನಾನು ಬರೆದಿಟ್ಟಿರುವ ಸಿದ್ಧ ಆಜ್ಞೆಗಳ ಕಟ್ಟನ್ನು, ಅಂದರೆ ಲೈಬ್ರರಿಯನ್ನು, ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಂಡರೆ ನಾಲ್ಕೇ ಸಾಲಿನಲ್ಲಿ ಆಗುತ್ತದೆ. ಸಾರಿನ ಪುಡಿ ಮಾಡಿಟ್ಟಿದ್ದರೆ ಅಡಿಗೆ ಬೇಗ ಆಗುವುದಿಲ್ಲವೇ, ಹಾಗೆ. ಯಾರು ಬೇಕಾದರೂ ಬಳಸಲಿ ಎಂದು ಅದನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದೇನೆ. ಆಜ್ಞೆಗಳಿಗೆಲ್ಲ ನಮ್ಮ ಮನೆಯ ಹೆಸರುಗಳೇ. ಗುಂಡುಗಳು ಸುತ್ತಲೂ ಒಮ್ಮೆಲೇ ಹರಡಿದರೆ 'ಬಳೆ', ಸುರುಳಿ ಸುತ್ತಿಕೊಂಡು ಬಂದರೆ 'ಚಕ್ಕುಲಿ'. ಸಮುದ್ರದಾಚೆ ಯಾರೋ ಒಬ್ಬರು ಗಂಭೀರವಾಗಿ ಕೂತು ಚಕ್ಕುಲಿ ಎಂದು ಟೈಪು ಮಾಡುತ್ತಿದ್ದಾರೆ ಎಂದು ನೆನೆದಾಗಲೆಲ್ಲ ನನಗೆ ಒಳಗೊಳಗೇ ಖುಷಿ.

ನನ್ನ ಹೆಂಡತಿ ಮದ್ದೂರು–ಮಳವಳ್ಳಿ ಬಸ್ಸಿನಲ್ಲಿ ಕಂಡಕ್ಟರು. ಹೆಂಗಸರಿಗೆ ಟಿಕೆಟ್ಟು ಉಚಿತವಾದ ಮೇಲಂತೂ ಆ ಬಸ್ಸಿನಲ್ಲಿ ಕಾಲೂರಲು ಜಾಗವಿರುವುದಿಲ್ಲ. ಅದರೊಳಗೆ ಟಿಕೆಟ್ ಮಿಷನ್ನು ಹಿಡಿದು ದಿನಕ್ಕೆ ಎಷ್ಟೋ ಸಲ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓಡಾಡಿ ಬರುವವಳು ಅವಳು. ಮನೆಗೆ ಬಂದ ಮೇಲೆ ನನ್ನ ಗುಂಡುಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಾಲು ನೀಡಿ ಕೂತು ಕಾಫಿ ಕುಡಿಯುತ್ತಿದ್ದಳು. ಅವಳನ್ನು ದೂರುವ ಹಾಗೂ ಇರಲಿಲ್ಲ.

ಗೃಹಪ್ರವೇಶವಾಗಿ ಕೆಲವು ತಿಂಗಳಿಗೆ ನನ್ನ ಲೈಬ್ರರಿಯ ಪುಟದಲ್ಲಿ ಪರದೇಶದ ಒಬ್ಬ ಬಳಕೆದಾರ ದೂರು ಬರೆದ. ನಾನು ಮಾದರಿಗೆಂದು ಕೊಟ್ಟಿದ್ದ ಆಟದ ಮೂರನೇ ಘಟ್ಟದಲ್ಲಿ 'ಚಕ್ಕುಲಿ ಎರಡು' ಎಂಬ ವಿನ್ಯಾಸವಿದೆ. ಎರಡು ಸುರುಳಿಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತ ಬರುತ್ತವೆ, ಒಂದೊಂದರಲ್ಲೂ ಒಂದೊಂದು ಸಂದು ಇರುತ್ತದೆ. ಎರಡೂ ಸಂದುಗಳು ಒಂದೇ ಕಡೆ ಬಂದಾಗ ವಿಮಾನ ಅಲ್ಲಿ ನುಸುಳಬೇಕು. ನಾನು ಹೆಮ್ಮೆಪಟ್ಟುಕೊಂಡಿದ್ದ ವಿನ್ಯಾಸ ಅದು. ಇದರಿಂದ ತಪ್ಪಿಸಿಕೊಳ್ಳುವುದು ಸಾಧ್ಯವೇ ಇಲ್ಲ, ಇದು ಅನ್ಯಾಯ ಎಂದು ಅವನು ಬರೆದಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನಗೆ ಮೈ ಉರಿಯಿತು. ಸಂದು ಇಷ್ಟು ಅಗಲ, ವಿಮಾನದಲ್ಲಿ ಗುಂಡು ತಾಗುವ ಚುಕ್ಕಿ ಇಷ್ಟೇ ಅಗಲ, ಆದ್ದರಿಂದ ಸಾಧ್ಯ ಎಂದು ಎರಡು ಪುಟ ಲೆಕ್ಕ ಬರೆದು ಕಳಿಸಿದೆ. ಅವನು ಒಂದೇ ಸಾಲಿನಲ್ಲಿ, ಹಾಗಾದರೆ ನೀವೇ ಆಡಿ ತೋರಿಸಿ ಎಂದು ಉತ್ತರ ಕೊಟ್ಟ.

ಆ ಭಾನುವಾರ ಬೆಳಗಿನಿಂದ ಆಡಿದೆ. ಒಂದೇ ಸಮನೆ ಸತ್ತೆ. ಹೆಂಡತಿಗೆ ಅವತ್ತು ರಜೆ. ಊರಿನಿಂದ ನಮ್ಮಣ್ಣ ಅವರೆಕಾಯಿ ಕಳಿಸಿದ್ದ. ಅವಳು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು, ನೆನೆಸಿದ ಕಾಳನ್ನು ಹಿತುಕುತ್ತಿದ್ದಳು. ನಾನು ಸತ್ತಾಗಲೆಲ್ಲ ಕಂಪ್ಯೂಟರು ಡಬ್ ಎನ್ನುತ್ತಿತ್ತು.

"ಅದ್ಯಾಕಂಗೆ ಬಡ್ಕತಾ ಕೂತಿದ್ದೀರಿ ಅದ್ನ? ಕಿವಿ ತೂತಾಯ್ತದೆ" ಎಂದಳು.

"ನಿನಗೆ ಗೊತ್ತಾಗಲ್ಲ ಬಿಡು."

"ಗೊತ್ತಾಗ್ದೆ ಏನು? ಸರೀರಿ ಅತ್ಲಾಗಿ" ಎಂದು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತೇಬಿಟ್ಟಳು.

ಬಾಣದ ಗುರುತಿನ ನಾಲ್ಕು ಕೀಲಿ ತೋರಿಸಿದೆ. ಮೊದಲ ಎರಡು ಸಲ ಬೇಗ ಸತ್ತಳು. ಮೂರನೆಯ ಸಲ ಮೊದಲ ಘಟ್ಟ ದಾಟಿದಳು. ಐದನೆಯ ಸಲ ಎರಡನೆಯದನ್ನೂ ದಾಟಿದಳು. ನನಗೆ ಅದನ್ನು ದಾಟಲು ತಿಂಗಳು ಹಿಡಿದಿತ್ತು! ಗುಂಡುಗಳ ನಡುವೆ ಅವಳ ವಿಮಾನ ಗಡಿಬಿಡಿಯಿಲ್ಲದೆ, ಸ್ವಲ್ಪ ಸ್ವಲ್ಪವೇ ಸರಿಯುತ್ತ ಹೋಗುತ್ತಿತ್ತು.

"ಹೆಂಗೆ ಮಾಡ್ತಿದ್ದೀಯೇ?" ಎಂದು ಕೇಳಿದೆ.

"ನೀವು ಗುಂಡು ನೋಡ್ತೀರ, ಅದುಕ್ಕೆ ಸಾಯ್ತೀರ. ಬಸ್ಸಲ್ಲಿ ನಾನು ಜನಾನ ನೋಡ್ತೀನಾ? ಸಂದು ನೋಡ್ತೀನಿ. ಭುಜ ತೂರಿದ್ರೆ ಸಾಕು, ಮಿಕ್ಕಿದ್ ಮೈ ಅದ್ರ ಹಿಂದೇನೆ ಬತ್ತದೆ."

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಇಷ್ಟು ವರ್ಷ ಆಡಿ ನೋಡುವವರಿಗಾಗಿ ಪ್ರಪಂಚವೆಲ್ಲ ಹುಡುಕಿದ್ದೆ. ಈಗ ಇವಳು ಚಕ್ಕುಲಿ ಎರಡನ್ನು ದಾಟಿದರೆ ಆ ಪರದೇಶದವನ ಬಾಯಿ ಮುಚ್ಚಿಸಬಹುದು, ಇವಳಿಗೂ ನನ್ನ ಕೆಲಸ ಏನೆಂದು ತಿಳಿಯುತ್ತದೆ ಎಂದು ಉಸಿರು ಬಿಗಿಹಿಡಿದು ಕೂತೆ.

ದಾಟಲಿಲ್ಲ. ಏಳೆಂಟು ಸಲ ಸತ್ತು, ಕುರ್ಚಿ ಹಿಂದಕ್ಕೆ ತಳ್ಳಿ, "ಇದ್ರಲ್ಲಿ ಮೋಸ ಐತೆ" ಎಂದಳು.

"ಮೋಸ ಎಲ್ಲಿದೆ? ಸಂದು ಇದೆ. ಲೆಕ್ಕ ಹಾಕಿ ಬಿಟ್ಟಿದ್ದೀನಿ."

"ಸಂದು ಐತೆ, ಇಲ್ಲ ಅಂದೋರ್ಯಾರು? ನಾನು ಈ ಕೊನೇಲಿರುವಾಗ ಆ ಕೊನೇಲಿ ಬುಟ್ರೆ ಏನ್ ಬಂತು? ಮೊದ್ಲೇ ಒಂದ್ ಮಾತು ಏಳ್ಬ್ಯಾಡ್ವಾ? ಸೀಟಿ ಊದ್ದೆ ಬಸ್ ಬುಟ್ಟಂಗಾಯ್ತು."

ಆಗ ನಾನು ಆಡಬಾರದ ಮಾತು ಆಡಿದೆ. "ನಿನಗೆ ಆ ಬಸ್ಸು ಬಿಟ್ಟರೆ ಪ್ರಪಂಚದಲ್ಲಿ ಇನ್ನೇನು ಗೊತ್ತು?" ಅಂದೆ. ಅವಳು ಎದ್ದು ಹೋಗಿ ಅವರೆಕಾಳಿನ ಮುಂದೆ ಕೂತಳು. ಮಧ್ಯಾಹ್ನ ಹಿತುಕಿದ ಬೇಳೆ ಸಾರು ಬಡಿಸಿದಳು, ಮಾತು ಬಡಿಸಲಿಲ್ಲ. ಸಾರು ಎಂದಿನ ಹಾಗೇ ಚೆನ್ನಾಗಿತ್ತು, ಆದರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಸೋಮವಾರ ಕಾಲೇಜಿಗೆ ಅವಳ ಬಸ್ಸಿನಲ್ಲೇ ಹೊರಟೆ. ಬಸ್ಸಿನಲ್ಲಿ ನಾನು ಅವಳಿಗೆ ಗಂಡನಲ್ಲ, ಪ್ರಯಾಣಿಕ. ಮುಖ ನೋಡದೆ ಟಿಕೆಟ್ಟು ಹರಿದುಕೊಟ್ಟು ಮುಂದಕ್ಕೆ ಹೋದಳು. ಹಿಂದಿನ ಬಾಗಿಲ ಹತ್ತಿರ ಜೋತುಬಿದ್ದು ನಾನು ಅವಳನ್ನೇ ನೋಡುತ್ತಿದ್ದೆ. ಸ್ಟಾಪು ಇನ್ನೂ ದೂರವಿರುವಾಗಲೇ, "ಮುಂದ್ಲು ಸ್ಟಾಪಲ್ಲಿ ಇಳಿಯೋರು ಈಗ್ಲೇ ಬಾಗ್ಲತ್ರ ಬನ್ನಿ. ಅಣ್ಣ, ನೀವು ಒಸಿ ಒಳಕ್ಕೋಗಿ. ಅಮ್ಮ, ಆ ಚೀಲ ಕಾಲತ್ರ ಇಟ್ಕಳಿ" ಎಂದು ಕೂಗುತ್ತಿದ್ದಳು. ಅವಳು ಕೂಗಿದ ಮೇಲೆ ಆ ಕಿಕ್ಕಿರಿದ ಜನದೊಳಗೆ ಎಲ್ಲಿಂದಲೋ ದಾರಿಯಾಗುತ್ತಿತ್ತು. ಬಸ್ಸು ನಿಲ್ಲುವ ಹೊತ್ತಿಗೆ ಇಳಿಯುವವರು ಬಾಗಿಲಲ್ಲಿರುತ್ತಿದ್ದರು. ಒಂದು ಕಡೆ ಮುದುಕಿಯೊಬ್ಬಳು ಇಳಿಯುತ್ತಿದ್ದಳು. ಡ್ರೈವರು ಆಗಲೇ ಗೇರು ಹಾಕಿದ್ದ. ಮುದುಕಿಯ ಎರಡೂ ಕಾಲು ನೆಲ ಮುಟ್ಟಿದ್ದನ್ನು ಬಗ್ಗಿ ನೋಡುವ ತನಕ ಇವಳು ಸೀಟಿಯನ್ನು ತುಟಿಗಿಡಲಿಲ್ಲ.

ನಾನು ತಲೆ ತಗ್ಗಿಸಿದೆ. ಸಂದು ಇದೆಯೋ ಇಲ್ಲವೋ ಎಂಬುದಷ್ಟೇ ನನ್ನ ಲೆಕ್ಕವಾಗಿತ್ತು. ಅಲ್ಲಿಗೆ ಒಬ್ಬ ಮನುಷ್ಯ ಬರಬೇಕು, ಬರಲು ಅವನಿಗೆ ಒಂದಿಷ್ಟು ಹೊತ್ತು ಬೇಕು ಎಂಬುದು ನನ್ನ ಎರಡು ಪುಟದಲ್ಲಿ ಎಲ್ಲೂ ಇರಲಿಲ್ಲ. ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಪಾಠ ಹೇಳಿದವನಿಗೆ ಆ ಬೆಳಿಗ್ಗೆ ಪಾಠವಾಯಿತು.

ಬಿಡುವಿನ ಪೀರಿಯಡ್ಡಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಲೈಬ್ರರಿಗೆ ಹೊಸದೊಂದು ಆಜ್ಞೆ ಬರೆದೆ. ಗುಂಡು ಹೊರಡುವ ಒಂದು ಕ್ಷಣ ಮುಂಚೆ, ಸಂದು ಬರುವ ಜಾಗದಲ್ಲಿ ತೆಳ್ಳಗೆ ಒಂದು ಹಳದಿ ಗೆರೆ ಮೂಡಿ ಮಾಯವಾಗುತ್ತದೆ, ಅಷ್ಟೆ. ಅದಕ್ಕೆ 'ಸೀಟಿ' ಎಂದು ಹೆಸರಿಟ್ಟೆ. ಪರದೇಶದವನಿಗೆ, ನೀವು ಹೇಳಿದ್ದೇ ಸರಿ, ತಪ್ಪು ನನ್ನದು ಎಂದು ಬರೆದೆ. ನನ್ನ ಕೈಯಲ್ಲಿ ಆ ವಾಕ್ಯ ಬರುವುದು ಅಪರೂಪ. ಸೀಟಿಯ ವಿವರಣೆಯ ಕೆಳಗೆ, 'ಇದು ನನ್ನ ಬುದ್ಧಿಯಲ್ಲ, ಬಸ್ ಕಂಡಕ್ಟರಾಗಿರುವ ನನ್ನ ಹೆಂಡತಿ ಹೇಳಿಕೊಟ್ಟದ್ದು' ಎಂದೂ ಸೇರಿಸಿದೆ.

ಸಂಜೆ ಅವಳು ಕಾಫಿ ಮುಗಿಸುವುದನ್ನೇ ಕಾದು, ಕಂಪ್ಯೂಟರು ತಂದು ಅವಳ ಮುಂದಿಟ್ಟೆ. "ನೆನ್ನೆ ನಾನು ಹಂಗನ್ನಬಾರದಿತ್ತು. ಸೀಟಿ ಹಾಕಿದ್ದೀನಿ, ನೋಡು" ಎಂದೆ. ಅವಳು ಒಂದು ಸಲ ನನ್ನ ಮುಖ ನೋಡಿ ಆಡತೊಡಗಿದಳು. ಹಳದಿ ಗೆರೆ ಮೂಡಿದ ಕಡೆಗೆ ಅವಳ ವಿಮಾನ ಮೊದಲೇ ಹೊರಡುತ್ತಿತ್ತು. ಎರಡು ಸಲ ಸತ್ತಳು. ಮೂರನೆಯ ಸಲ ಎರಡೂ ಸುರುಳಿಗಳ ನಡುವೆ ಭುಜ ತೂರಿಸಿದ ಹಾಗೆ ತೂರಿ ಆಚೆಗೆ ಹೋದಳು.

"ಈಗ ಸರೋಯ್ತು" ಎಂದಳು. ಆಮೇಲೆ, "ದಿನಾ ಇದುನ್ನೇ ಬರೀತಾ ಕೂತಿರ್ತೀರಾ?" ಎಂದು ಕೇಳಿದಳು. ಎಂಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ನಾನು ಬಳೆಯಿಂದ ಶುರುಮಾಡಿ ಎಲ್ಲವನ್ನೂ ತೋರಿಸಿದೆ. ಅವತ್ತು ಮುದ್ದೆ ತಿರುವುವುದು ಇಬ್ಬರಿಗೂ ನೆನಪಾಗಲಿಲ್ಲ, ಬೆಳಗಿನ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡೆವು. ಮರುವಾರ ಆ ಪರದೇಶದವನ ಉತ್ತರ ಬಂತು. ಈಗ ಸತ್ತರೆ ತಪ್ಪು ನನ್ನದೇ ಅನ್ನಿಸುತ್ತದೆ, ನಿಮ್ಮ ಹೆಂಡತಿಯವರಿಗೆ ನಮಸ್ಕಾರ ಹೇಳಿ ಎಂದು ಬರೆದಿದ್ದ. ಓದಿ ಹೇಳಿದೆ. "ಪಾಪ, ಒಳ್ಳೇವ್ನು ಕಣ್ರೀ" ಎಂದಳು.

ಈಚೆಗೆ ಒಂದು ಶನಿವಾರ ಅದೇ ಬಸ್ಸಿನಲ್ಲಿ ಹೊರಟಿದ್ದೆ. ಮದ್ದೂರು ಸ್ಟ್ಯಾಂಡಿನಲ್ಲಿ ಬೆಸಗರಹಳ್ಳಿಯ ದೊಡ್ಡವ್ವ ಹತ್ತಿದರು. ಮಳವಳ್ಳಿಯಲ್ಲಿರುವ ಮಗಳ ಮನೆಗೆ ಹೊರಟಿದ್ದರಂತೆ. ನಾನು ಬಾಗಿಲಲ್ಲಿ ಜನರ ಹಿಂದೆ ಸಿಕ್ಕಿಕೊಂಡಿದ್ದರಿಂದ ಅವರಿಗೆ ಕಾಣಿಸಲಿಲ್ಲ. ಸೀಟು ಹಿಡಿದು ಕೂತವರೇ, ಇಡೀ ಬಸ್ಸಿಗೆ ಕೇಳುವ ಹಾಗೆ, "ಏನವ್ವ, ನಿನ್ ಗಂಡ ಇನ್ನೂವೆ ಸುಮ್ನೆ ಕೂತಿರ್ತಾನಾ?" ಎಂದರು.

ನಾನು ಕಿವಿ ನಿಮಿರಿಸಿದೆ.

ಹೆಂಡತಿ ಅವರ ಕೈಗೆ ಟಿಕೆಟ್ಟು ಕೊಡುತ್ತ, "ಎಲ್ಲಿ ಸುಮ್ನೆ ಕೂತಿರ್ತಾರೆ ದೊಡ್ಡವ್ವ? ಕೈತುಂಬ ಕೆಲ್ಸ. ಗುಂಡು ಆರಿಸ್ತಾರೆ" ಎಂದಳು.

"ಅಯ್ಯೋ ಸಿವನೇ! ಯಾರ್ ಮ್ಯಾಲೆ?"

"ಯಾರ್ ಮ್ಯಾಲಾದ್ರೂ ಆರಿಸ್ಲಿ ಬುಡಿ. ಸೀಟಿ ಊದಿ, ಸಂದು ಬುಟ್ಟು ಆರಿಸ್ತಾರೆ" ಎಂದು ಹೇಳಿ, ಇತ್ತ ತಿರುಗಿ, ನಾನು ಅಲ್ಲಿರುವುದು ಮೊದಲಿಂದಲೂ ಗೊತ್ತಿದ್ದವಳ ಹಾಗೆ, "ಸಾರ್, ಬಾಗ್ಲಲ್ಲಿ ನಿಂತ್ಕಬ್ಯಾಡಿ. ಒಸಿ ಒಳಕ್ಕೋಗಿ" ಎಂದಳು.

ಎರಡು ಸಲ ಸೀಟಿ ಊದಿದಳು. ಹಬ್ಬದ ಊಟ ಉಂಡಷ್ಟು ತೃಪ್ತಿಯಾಗಿತ್ತು ನನಗೆ. ಜನರನ್ನು ನೋಡದೆ, ಸಂದು ನೋಡಿಕೊಂಡು ಒಳಗೆ ಹೋದೆ.