ಗಂಡಸರು ದಾಟದ ಹೊಸ್ತಿಲಲ್ಲಿ ಬಕೆಟ್ಟಕ್ಕ

ಚಳಿಗಾಲದ ಮಂಜು ಬಸ್ ನಿಲ್ದಾಣದ ತಗಡಿನ ಮಾಡಿನ ಮೇಲೆ ಕುಳಿತೇ ಇದೆ. ದೂರದ ಬಸ್ಸುಗಳು ಒಂದೊಂದಾಗಿ ಬಂದು, ಹೇರು ಎಳೆದು ದಣಿದ ಎತ್ತುಗಳ ಹಾಗೆ ಉಸಿರುಬಿಟ್ಟು ನಿಲ್ಲುತ್ತಿವೆ. ಹಿಂಬದಿಯ ಹೆಂಗಸರ ಶೌಚಾಲಯದಲ್ಲಿ ಮಾತ್ರ ಕೆಲಸ ಆಗಲೇ ಅರ್ಧ ಮುಗಿದಿದೆ. ನೆಲಕ್ಕೆ ಫಿನಾಯಿಲ್ ಬಿದ್ದಿದೆ, ಡ್ರಮ್ಮಿನಲ್ಲಿ ನೀರು ತುಂಬಿದೆ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಚಿಲ್ಲರೆ ಹಾಕುವ ಸ್ಟೀಲ್ ಬಟ್ಟಲು ಕುಳಿತಿದೆ. ಅದರ ಪಕ್ಕ, ಸ್ವೆಟರಿನ ತೋಳು ಮಡಿಚಿ, ಪೊರಕೆ ಊರಿ ನಿಂತವರು ಬಕೆಟ್ಟಕ್ಕ. ಹೆತ್ತವರು ಇಟ್ಟ ಹೆಸರು ನಿಲ್ದಾಣದಲ್ಲಿ ಯಾರಿಗೂ ಗೊತ್ತಿಲ್ಲ. ಕೇಳಿದರೆ, "ಅದು ಸವೆದು ಹೋಯ್ತು ಬಿಡಿ" ಎನ್ನುತ್ತಾರೆ.

"ಏನ್ ಬಕೆಟ್ಟಕ್ಕ, ಇವತ್ತು ಯಾರ ಮೇಲೆ ಕಣ್ಣು?" ಮುಖ ತೊಳೆಯಲು ಹೊರಟ ಕಂಡಕ್ಟರ್ ಕೆಣಕುತ್ತಾನೆ.

"ನಿನ್ನ ಮೇಲೇ ಕಣಪ್ಪ. ಹೆಂಡ್ತಿ ಫೋನ್ ಮಾಡಿದ್ರೆ ಎತ್ತಲ್ವಂತೆ."

ತಮಾಷೆ ಮಾಡುತ್ತಲೇ ಅವರ ಕಣ್ಣು ಬಸ್ಸಿನ ಮೆಟ್ಟಿಲ ಮೇಲಿದೆ. ಇಳಿಯುವವರ ಮುಖವನ್ನು ಅವರು ನೋಡುವುದಿಲ್ಲ, ಕೈ ನೋಡುತ್ತಾರೆ. ಹುಡುಗಿಯ ಚೀಲ ಯಾರ ಹೆಗಲಲ್ಲಿದೆ, ಫೋನು ಯಾರ ಜೇಬಿನಲ್ಲಿದೆ. "ಅಳ್ತಾ ಇಳಿಯೋರನ್ನ ನಾಲ್ಕು ಜನ ಕೇಳ್ತಾರೆ. ಹೊಸ ಚಪ್ಪಲಿ ಹಾಕ್ಕೊಂಡು ನಗ್ತಾ ಇಳೀತಾರಲ್ಲ, ಅವರನ್ನ ಯಾರು ಕೇಳ್ತಾರೆ?"

ಬಕೆಟ್ಟಕ್ಕ ತಾವೂ ಹಾಗೆ ನಗುತ್ತಲೇ ಇಳಿದವರು. ಮದುವೆಯಾಗುತ್ತೇನೆಂದವನು ಮೊದಲು ಅವರ ಮನೆಯ ಮಗನಂತಾಗಿದ್ದ. ಸೋರುವ ಮಾಡಿಗೆ ಹಂಚು ಹೊದಿಸಿದ್ದ, ಕಾಯಿಲೆಯ ಅಪ್ಪನ ಕಾಲು ಒತ್ತಿದ್ದ. ಊರಿನವರೆಲ್ಲ ಬಂಗಾರದಂಥ ಹುಡುಗ ಎಂದರು. ಅವನು ಪೇಟೆಗೆ ಕರೆತಂದು ಬಿಟ್ಟಿದ್ದು 'ನನ್ನ ಅಕ್ಕನ ಮನೆ' ಎಂದ ಒಂದು ಮನೆಯಲ್ಲಿ. ಆ ಅಕ್ಕ ಅವನ ಅಕ್ಕನಲ್ಲ, ಅವನು ಬಂಗಾರವೂ ಅಲ್ಲ, ತಲೆಹಿಡುಕ ಎಂದು ತಿಳಿಯುವಷ್ಟರಲ್ಲಿ ಫೋನು ಕೈಬಿಟ್ಟಿತ್ತು, ಹೆಸರು ಬದಲಾಗಿತ್ತು. ತಿಂದ ಅನ್ನ, ತೊಟ್ಟ ಬಟ್ಟೆ, ಮಲಗಿದ ಚಾಪೆ ಎಲ್ಲವೂ ಸಾಲದ ಬಾಬ್ತಿಗೆ ಸೇರಿ, ದುಡಿದಷ್ಟೂ ಸಾಲ ಬೆಳೆಯುತ್ತಿತ್ತು.

"ಬಾಗಿಲಿಗೆ ಬೀಗ ಇರ್ಲಿಲ್ಲ. ಹೋಗು, ಯಾರು ಬೇಡ ಅಂದ್ರು, ನಿನಗಿಂತ ಮೊದಲು ನಿನ್ನ ಫೋಟೋ ಊರಿಗೆ ಹೋಗಿರುತ್ತೆ ಅಂತಿದ್ದ. ಹಸು ಕೊಟ್ಟಿಗೆಗೆ ಹೊಸದಾದಾಗ ಮಾತ್ರ ಹಗ್ಗ ಬೇಕು. ಆಮೇಲೆ ಬಿಚ್ಚಿದ್ರೂ ಅಲ್ಲಿಗೇ ಬರುತ್ತೆ." ಆ ಮನೆಯ ಹುಡುಗಿಯರಲ್ಲಿ ಒಬ್ಬಳನ್ನು ಹೊಡೆದು ಇನ್ನೊಬ್ಬಳ ಕೈಯಲ್ಲಿ ಔಷಧಿ ಹಚ್ಚಿಸುತ್ತಿದ್ದರಂತೆ. ಯಾರು ಏನು ಮಾತಾಡಿಕೊಂಡರು ಎಂದು ಹೇಳಿದವಳಿಗೆ ಒಂದು ದಿನದ ಬಿಡುವು. "ಒಬ್ಬರ ಮೇಲೊಬ್ಬರಿಗೆ ಅನುಮಾನ ಹಚ್ಚಿಬಿಟ್ರೆ, ಕಾವಲಿಗೆ ನಾಯಿ ಸಾಕೋ ಖರ್ಚಿಲ್ಲ ನೋಡಿ."

ಬಿಡಿಸಿದವಳು ಆ ಮನೆಗೆ ಬಟ್ಟೆ ಒಗೆಯಲು ಬರುತ್ತಿದ್ದ ಒಬ್ಬ ಮುದುಕಿ. ಒಂದು ಮಧ್ಯಾಹ್ನ ತನ್ನ ಹಸಿರು ಶಾಲನ್ನು ಇವರ ತಲೆಗೆ ಹೊದಿಸಿ, ಒಗೆಯುವ ಗಂಟು ಹೊರಿಸಿ, "ಬೆನ್ನು ಬಗ್ಗಿಸಿ ನಡಿಯೇ, ಶಾಲು ಆಮೇಲೆ ತಂದುಕೊಡು" ಎಂದಳು. ಬಾಗಿಲಲ್ಲಿ ಲೆಕ್ಕ ಬರೆಯಲು ಕುಳಿತವನು ಕಂಡದ್ದು ದಿನಾ ಕಾಣುವ ಶಾಲನ್ನು, ಹೊದ್ದವಳನ್ನಲ್ಲ.

ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಕೆಟ್ಟಕ್ಕನಿಗೆ ಜೋಡಿಯಾಗಿ ಬಂದವರೆಲ್ಲ ಕಳ್ಳರಾಗಿಯೇ ಕಾಣುತ್ತಿದ್ದರು. ತಂಗಿಯನ್ನು ನರ್ಸ್ ತರಬೇತಿಯ ಸಂದರ್ಶನಕ್ಕೆ ಕರೆತಂದ ಅಣ್ಣನೊಬ್ಬನನ್ನು ಪೊಲೀಸ್ ಚೌಕಿಯಲ್ಲಿ ಕೂರಿಸಿಬಿಟ್ಟರು. ಅವನು ನಿಜವಾದ ಅಣ್ಣನೇ. ಆ ಹುಡುಗಿಯ ಸಂದರ್ಶನ ತಪ್ಪಿತು. ಇನ್ನೊಂದು ದೂರು ಬಂದರೆ ಪೊರಕೆ ಇಟ್ಟು ಹೋಗು ಎಂದ ಕಂಟ್ರಾಕ್ಟರ್. ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿರುವ ಬಕೆಟ್ಟಕ್ಕನಿಗೆ ಈಗ ಬೇರೆ ಕೆಲಸ ಹುಡುಕುವ ವಯಸ್ಸಲ್ಲ. ಅಂದಿನಿಂದ ಅವರು ಯಾರನ್ನೂ ತಡೆಯುವುದಿಲ್ಲ. ತಮ್ಮ ಅನುಮಾನವನ್ನು ಹುಡುಗಿಯ ಕೈಗೇ ಕೊಟ್ಟು ಕಳಿಸುತ್ತಾರೆ.

ಈ ಬೆಳಗ್ಗೆ ಇಳಿದ ಹುಡುಗಿಗೆ ಇಪ್ಪತ್ತು ತುಂಬಿರಬಹುದು. ಚಪ್ಪಲಿ ಹೊಸದು, ಹಿಮ್ಮಡಿ ಕೆಂಪಾಗಿದೆ. ಜೊತೆಗಿರುವವನ ಒಂದು ಹೆಗಲಲ್ಲಿ ಅವನ ಚೀಲ, ಇನ್ನೊಂದರಲ್ಲಿ ಅವಳದು. ಅವನು ಹೊರಗೆ ನಿಲ್ಲುತ್ತಾನೆ, ಅವಳು ಒಳಗೆ ಬರುತ್ತಾಳೆ.

"ಚಪ್ಪಲಿ ಕಚ್ತಿದೆಯೇನಮ್ಮ?"

"ಹೊಸದು. ಅವರು ಕೊಡಿಸಿದ್ದು."

"ಅವರು ಅಂದ್ರೆ?"

ಹುಡುಗಿಯ ಮುಖ ಮುಚ್ಚಿಕೊಳ್ಳುತ್ತದೆ. "ನಿಮಗ್ಯಾಕೆ? ಅವರು ಮೊದಲೇ ಹೇಳಿದ್ರು, ನಿಲ್ದಾಣದಲ್ಲಿ ಹೆಂಗಸ್ರು ನಯವಾಗಿ ಮಾತಾಡಿಸ್ತಾರೆ, ಕರ್ಕೊಂಡು ಹೋಗಿ ಮಾರಿಬಿಡ್ತಾರೆ ಅಂತ."

"ಸರಿಯಾಗೇ ಹೇಳಿದ್ದಾನೆ. ನನ್ನನ್ನ ನಂಬಬೇಡ, ನನ್ನ ಜೊತೆ ಎಲ್ಲಿಗೂ ಬರಬೇಡ. ಅಮ್ಮನಿಗೆ ತಲುಪಿದೆ ಅಂತ ಹೇಳ್ಬೇಕು, ನನ್ನ ಫೋನ್ ಕೊಡಿ ಅಂತ ಅವನನ್ನ ಕೇಳು. ಕೊಟ್ರೆ, ಈ ಮುದುಕಿಗೆ ತಲೆಕೆಟ್ಟಿದೆ ಅಂತ ಬೈಕೊಂಡು ಹೋಗು. ಕೊಡದಿದ್ರೆ, ಬಾಚಣಿಗೆ ಒಳಗೆ ಬಿಟ್ಟೆ ಅಂತ ಹೇಳಿ ವಾಪಸ್ ಬಾ."

ಹುಡುಗಿ ಮೂತಿ ತಿರುವಿ ಹೊರಡುತ್ತಾಳೆ. ಬಕೆಟ್ಟಕ್ಕ ಒರೆಸಿದ ನೆಲವನ್ನೇ ಒರೆಸುತ್ತಾ ಬಾಗಿಲಾಚೆ ನೋಡುತ್ತಾರೆ. ಹುಡುಗಿ ಕೈ ಚಾಚಿದಳು. ಅವನು ನಕ್ಕು ಜೇಬು ತಟ್ಟಿ ಚಾರ್ಜಿಲ್ಲವೆಂಬಂತೆ ಕೈ ಆಡಿಸಿದ. ಅವಳು ಪಕ್ಕದ ಅಂಗಡಿಯತ್ತ ತೋರಿಸಿದಳು, ಅಲ್ಲಿ ಚಾರ್ಜಿಗೆ ಹಾಕಿದ ಫೋನುಗಳು ಸಾಲಾಗಿ ತೂಗುತ್ತಿವೆ. ನಗು ಹೋಯಿತು. ಅವನ ಕೈ ಅವಳ ಮೊಳಕೈ ಹಿಡಿಯಿತು.

ಬಾಚಣಿಗೆಯ ನೆಪ ಹೇಳಿ ಮರಳಿ ಬಂದವಳು ಗೋಡೆಗೆ ಒರಗಿ ನಿಂತಿದ್ದಾಳೆ. ಹಿಂದೆಯೇ ಅವನ ದನಿ: "ಏಯ್, ನನ್ನ ಹೆಂಡ್ತಿ ಒಳಗಿದ್ದಾಳೆ, ಕಳಿಸು."

"ಬಸ್ಸಲ್ಲಿ ಎಲ್ಲರಿಗೂ ತಂಗಿ ಅಂತಿದ್ರು," ಹುಡುಗಿ ಗೋಡೆಗೆ ಹೇಳಿದಂತೆ ಹೇಳುತ್ತಾಳೆ.

ಬಕೆಟ್ಟಕ್ಕ ತುಂಬಿದ ಬಕೆಟ್ಟನ್ನು ಹೊಸ್ತಿಲಿಗೆ ಅಡ್ಡ ಇಡುತ್ತಾರೆ. "ಹೆಂಗಸರ ಜಾಗ, ಅಲ್ಲೇ ನಿಲ್ಲಪ್ಪ."

"ನಿನ್ನ ಮೇಲೆ ದೂರು ಕೊಟ್ಟು ಕೆಲಸ ತೆಗೆಸ್ತೀನಿ."

"ಕೊಡು. ಆಫೀಸು ಪೊಲೀಸ್ ಚೌಕಿ ಪಕ್ಕದಲ್ಲೇ ಇದೆ. ಹೋಗ್ತಾ ಅಲ್ಲೂ ಒಂದು ಮಾತು ಹೇಳು."

ಗಲಾಟೆ ಕೇಳಿ ಓಡಿದ ಕಂಡಕ್ಟರ್ ಚೌಕಿಯಿಂದ ಮಹಿಳಾ ಪೇದೆಯನ್ನು ಕರೆತರುವ ಹೊತ್ತಿಗೆ ಅವನಿಲ್ಲ. ಹುಡುಗಿಯ ಚೀಲವೂ ಇಲ್ಲ, ಫೋನೂ ಇಲ್ಲ. "ಇನ್ನೊಂದು ನಿಲ್ದಾಣ ನೋಡ್ಕೋತಾನೆ," ಎನ್ನುತ್ತಾರೆ ಬಕೆಟ್ಟಕ್ಕ. "ಆಫೀಸಿಗೆ ಮಾತ್ರ ಹೋಗೇ ಹೋಗ್ತಾನೆ. ನನ್ನ ಮೇಲೆ ಅಷ್ಟಾದ್ರೂ ಸೇಡು ತೀರಿಸಿಕೊಳ್ಳದಿದ್ರೆ ಅವನೆಂಥ ಗಂಡಸು?"

ಪೇದೆಯ ಫೋನಿನಲ್ಲಿ ತಾಯಿಯೊಂದಿಗೆ ಮಾತಾಡಿದ ಹುಡುಗಿ ದೂರದ ಬೆಂಚಿನಲ್ಲಿ ಕುಳಿತಿದ್ದಾಳೆ. ಬಕೆಟ್ಟಕ್ಕ ಒಯ್ದುಕೊಟ್ಟ ಚಹಾ ಮುಟ್ಟುವುದಿಲ್ಲ. ಬಕೆಟ್ಟಕ್ಕನಿಗೆ ಬೇಸರವಿಲ್ಲ. "ಕುಡೀದಿರೋದೇ ಒಳ್ಳೇದು. ಬುದ್ಧಿ ಬಂತು ಅಂತ ಲೆಕ್ಕ."

ಮಧ್ಯಾಹ್ನ ಅವಳನ್ನು ಕರೆದೊಯ್ಯಲು ಒಬ್ಬ ಗಂಡಸು ಓಡೋಡಿ ಬರುತ್ತಾನೆ. ಬಕೆಟ್ಟಕ್ಕ ಪೊರಕೆ ಹಿಡಿದೇ ಪೇದೆಯ ಪಕ್ಕಕ್ಕೆ ಹೋಗಿ ನಿಲ್ಲುತ್ತಾರೆ. "ಇಲ್ಲೇ ಅವರಮ್ಮನಿಗೆ ಫೋನ್ ಮಾಡಿ ಇವಳ ಕೈಗೆ ಕೊಡಿ."

"ನಾನು ಅವಳ ಸೋದರಮಾವ ಕಣಮ್ಮ."

"ಎಲ್ಲರೂ ಏನೋ ಒಂದು ಆಗಿರ್ತಾರೆ."

ಅವನು ಫೋನನ್ನು ಹುಡುಗಿಯ ಕೈಗೆ ಕೊಡುತ್ತಾನೆ. ಆ ಕಡೆಯ ದನಿ ಕೇಳಿದ ಮೇಲೆಯೇ ಅವಳು ಬೆಂಚಿನಿಂದ ಏಳುವುದು. ಬಸ್ಸು ಹತ್ತುವಾಗ ಒಮ್ಮೆ ತಿರುಗಿ ನೋಡುತ್ತಾಳೆ. ಅದರಲ್ಲಿ ಕೃತಜ್ಞತೆ ಇದ್ದಂತಿಲ್ಲ, ಈ ಹೆಂಗಸು ಯಾರಿರಬಹುದು ಎಂಬ ಅನುಮಾನವೇ ಇದೆ.

ಸಂಜೆಯ ಹೊತ್ತಿಗೆ ಕಂಟ್ರಾಕ್ಟರಿನಿಂದ ಕರೆ ಬಂದಿದೆ: ನಾಳೆ ಆಫೀಸಿಗೆ ಬಂದು ಹೋಗು. ಏನು ಹೇಳುತ್ತೀರಿ ಎಂದು ಕೇಳಿದರೆ ಬಕೆಟ್ಟಕ್ಕ ಬಕೆಟ್ಟು ಬೋರಲು ಹಾಕುತ್ತಾರೆ. "ನೆಲ ಒರೆಸಿದೆ, ಫೋನ್ ಕೇಳು ಅಂದೆ ಅಂತೀನಿ. ಎರಡೂ ಸುಳ್ಳಲ್ಲವಲ್ಲ. ಈ ಬಾಗಿಲು ಒಂದು ನನ್ನ ಕೈಲಿ ಬಿಟ್ರೆ ಸಾಕು, ಬೇರೆ ಏನು ಆಸೆ?"

ಕಂಡಕ್ಟರ್ ಬಟ್ಟಲು ಅಲುಗಾಡಿಸಿ ನಗುತ್ತಾನೆ. "ಅಷ್ಟೆಲ್ಲ ಮಾಡಿದ್ಯಲ್ಲ ಬಕೆಟ್ಟಕ್ಕ, ಆ ಹುಡುಗಿ ನಿನ್ನ ಬಟ್ಟಲಿಗೆ ಕಾಸೂ ಹಾಕದೆ ಹೋದ್ಲು."

"ಹೋಗ್ಲಿ ಬಿಡು," ಎನ್ನುತ್ತಾ ಬಕೆಟ್ಟಕ್ಕ ಬಾಗಿಲ ಹಿಂದಿನ ಮೊಳೆಯಿಂದ ಬಣ್ಣ ಹೋದ ಹಸಿರು ಶಾಲು ತೆಗೆದು ಹೊದೆಯುತ್ತಾರೆ. "ನಾನೂ ಇದನ್ನ ಇನ್ನೂ ವಾಪಸ್ ಕೊಟ್ಟಿಲ್ಲ."