ಚೀಟಿ ಹೇಳಿದಂಗೆ ಮಾಡಿದ ಹುಡುಗಿ

ಮೊನ್ನೆ ಮೊಮ್ಮಗಳು ಕಂಪ್ಯೂಟರ್ ಪಾಠ ಓದ್ತಾ, "ಅಜ್ಜಿ, ಬರೀ ಅಕ್ಷರದ ಸಾಲು ಕೊಟ್ರೂ ಕಂಪ್ಯೂಟರ್ರು ಇದು ಲೆಕ್ಕ ಅಂತ ತಿಳ್ಕಂಡು ಉತ್ತರ ಹೇಳ್ತೈತೆ ನೋಡು" ಅಂದ್ಲು. ನಂಗೆ ನಗು. ಲೇ, ಅದನ್ನ ಎಪ್ಪತ್ತರ ದಶಕದಾಗೇ ಹೊಳಲ್ಕೆರೇಲಿ ಮಾಡಿದ್ದೆ ಕಣೇ, ಕರೆಂಟೇ ಇಲ್ದಂಗೆ! ಒಂದೇ ಬೆರಳಾಗೆ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಸುಮ್ನೆ ಓದ್ಕಳ್ರಿ.

ಆಗ ಚಿತ್ರದುರ್ಗದಾಗೆ ನನ್ನ ಟೀಚರ್ ಟ್ರೈನಿಂಗು. ಹೊಳಲ್ಕೆರೆ ಶಾಲೇಲಿ ನಾಕನೇ ಕ್ಲಾಸಿಗೆ ಪಾಠ ಮಾಡಿ ತೋರಿಸ್ಬೇಕು. ಟ್ರೈನಿಂಗ್ ಮೇಷ್ಟ್ರು ಹಿಂದೆ ಕುರ್ಚಿ ಹಾಕ್ಕಂಡು ಕುಂತು ಮಾರ್ಕ್ಸ್ ಹಾಕೋರು. ಫೇಲಾದ್ರೆ ಓದು ಸಾಕು, ಮದುವೆ ಮಾಡ್ತೀನಿ ಅಂತ ಅಪ್ಪ ಮೊದ್ಲೇ ಹೇಳಿದ್ದ.

ಬೋರ್ಡ್ ಮೇಲೆ "ಎಂಟು ಕೂಡಿಸು ಆರು" ಅಂತ ಬರೆದೆ. ಮಕ್ಳು ರಾಗವಾಗಿ ಓದಿದ್ವು. ಲೆಕ್ಕ ಮಾತ್ರ ಒಂದೂ ಮಾಡ್ಲಿಲ್ಲ! ಆಗ ಹೊಳೀತು. ಮುಂದಿನ ಬೆಂಚಿನ ಹುಡುಗೀನ ಮೇಜಿನ ಹಿಂದೆ ಕುಂಡ್ರಿಸಿ, "ನೀನೀಗ ಮಿಷಿನ್ನು. ಚೀಟಿ ಬಂದ್ರೆ ಓದಿ ಹೇಳಬ್ಯಾಡ, ಅದ್ರಾಗಿರಂಗೆ ಮಾಡು" ಅಂದೆ. ಉಳಿದವ್ರಿಗೆ ಚೀಟೀಲಿ ಒಂದೊಂದು ಲೆಕ್ಕ ಬರೀರಿ ಅಂದೆ.

"ಮೂವತ್ತು!" "ಒಂಬತ್ತು!" ಚೀಟಿ ಬಂದಂಗೆಲ್ಲಾ ಅವಳು ಉತ್ತರ ಕೂಗಿದ್ದೇ ಕೂಗಿದ್ದು. ನಾನೂ ಒಂದು ಬರೆದೆ: "ಬೋರ್ಡ್ ಮೇಲಿರೋದನ್ನ ಮಾಡಿ, ಬಂದಿದ್ದಕ್ಕೆ ಹತ್ತು ಕೂಡಿಸು." ಬೋರ್ಡ್ ಕಡೆ ತಿರುಗಿ ನೋಡಿ, "ಇಪ್ಪತ್ನಾಕು!" ಅಂದ್ಲು. ಅಲ್ಲೀತನಕ ಬರೀ ಸೀಮೆಸುಣ್ಣದ ಗೀಟಾಗಿದ್ದ ಸಾಲು, ಆ ಮಗು ಕಣ್ಣಿಗೆ ಬಿದ್ದಿದ್ದೇ ತಡ, ಲೆಕ್ಕ ಆಗಿಬಿಡ್ತು!

ಅಷ್ಟ್ರಾಗೆ ಹಿಂದಿನ ಬೆಂಚಿಂದ ಒಂದು ಚೀಟಿ ಬಂತು. ಹುಡುಗಿ ಓದಿದ್ಲು, ಎದ್ಲು, ಸೀದಾ ಮೇಷ್ಟ್ರ ಹತ್ರ ಹೋಗಿ, "ಏಳ್ರಿ ಸಾ" ಅಂದ್ಲು. ಅವ್ರು ಎದ್ದ ಕೂಡ್ಲೇ ಕುರ್ಚಿ ಎಳ್ಕಂಡು ಹೊರಗೆ ಹೊಂಟೇಬಿಟ್ಲು.

"ಏನವ್ವ ಇದು?"

"ಚೀಟೀಲಿ ಐತೆ ಸಾ, ಸಾಹೇಬ್ರ ಕುರ್ಚಿ ಹೊರಗಿಡು ಅಂತ."

ಕ್ಲಾಸೆಲ್ಲಾ ಬಿದ್ದು ಬಿದ್ದು ನಗ್ತೈತೆ, ನನ್ ಕಣ್ಮುಂದೆ ಮದುವೆ ಬಾಸಿಂಗ ಕುಣೀತೈತೆ. ಅವಳದೇನು ತಪ್ಪು? ಬರೆದಂಗೆ ಮಾಡು ಅಂದೋಳು ನಾನೇ.

ಮೇಷ್ಟ್ರು ನಿಂತ್ಕಂಡೇ ಕೇಳಿದ್ರು, "ಈಗೇನ್ಮಾಡ್ತೀಯಮ್ಮ?"

"ಮಿಷಿನ್ ರಿಪೇರಿ ಸಾರ್" ಅಂದೆ. ಹುಡುಗಿಗೆ ಹೇಳ್ದೆ, "ಅಂಕಿ ಇದ್ದು, ಕೂಡೋದು ಕಳೆಯೋದು ಇದ್ರೆ ಮಾಡು. ಬ್ಯಾರೆ ಏನಿದ್ರೂ ಲೆಕ್ಕ ಅಲ್ಲ ಅಂತ ವಾಪಸ್ ಕೊಡು."

ಮೇಷ್ಟ್ರು ತಲೆ ಕೆರ್ಕಂಡು ತಾವೇ ಒಂದು ಚೀಟಿ ಬರೆದು ಕೊಟ್ರು. ಹುಡುಗಿ ಎರಡ್ಸಲ ಓದಿ ವಾಪಸ್ ಕೊಟ್ಲು.

"ಲೆಕ್ಕ ಅಲ್ಲ ಸಾ."

ನಾನು ಇಣುಕಿ ನೋಡ್ದೆ. "ಈ ಟೀಚರಮ್ಮನ್ನ ಪಾಸು ಮಾಡು" ಅಂತ ಬರೆದಿದ್ರು!

ಮೇಷ್ಟ್ರು ನಕ್ಕಿದ್ದು ಇಡೀ ಶಾಲೆಗೆ ಕೇಳ್ತು. "ಹಂಗಾರೆ ನಾನೇ ಮಾಡ್ಬೇಕು ಬಿಡವ್ವ" ಅಂತ ಪುಸ್ತಕ ತೆಗೆದು, ಗೋಡೆಗಿಟ್ಕಂಡು, ನಿಂತೇ ಮಾರ್ಕ್ಸ್ ಬರೆದ್ರು.